ಅನ್ನದ ಅಡಿಯ ಬೆಲ್ಲ

ನನ್ನ ಮೊಮ್ಮಗಳು ತನ್ವಿಯ ಬೆನ್ನಿನಲ್ಲಿ ಈಗ ಕಬ್ಬಿಣವೂ ಇಲ್ಲ, ಕೀವೂ ಇಲ್ಲ. ನಿನ್ನೆ ಬೆಳಿಗ್ಗೆ ಡಾಕ್ಟರಮ್ಮ ರಕ್ತದ ರಿಪೋರ್ಟು ನೋಡಿ, ಗುಳಿಗೆ ಇನ್ನು ಸಾಕು, ಧೈರ್ಯವಾಗಿ ಕಾಲೇಜಿಗೆ ಹೋಗು ಎಂದರು. ಆಸ್ಪತ್ರೆಯ ಮೆಟ್ಟಿಲಿನ ಮೇಲೆ ನಾನು ಜೋರಾಗಿ ನಕ್ಕುಬಿಟ್ಟೆ. ವಾಚ್‌ಮನ್ ತಿರುಗಿ ನೋಡಿದ. ನೋಡಲಿ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತ, ಗುರುತು ಪರಿಚಯವಿಲ್ಲದ ಮರಾಠಿ ಹೆಂಗಸಿಗೂ ಹೇಳಿದೆ. ಬಿಲ್ಡಿಂಗಿನ ಕೆಳಗಿನ ಅಂಗಡಿಯವನಿಗೆ ಹೇಳಿದೆ. ಈಗ ನಿಮಗೆ ಹೇಳುತ್ತಿದ್ದೇನೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ಅಕ್ಷರ ತಪ್ಪಿದರೆ ತಿದ್ದಿಕೊಂಡು ಓದಿ.

ಸಂತೋಷದ ಜೊತೆಗೆ ಸಿಟ್ಟೂ ಉಂಟು, ಅದನ್ನು ಮುಚ್ಚಿಡುವುದಿಲ್ಲ. ಆ ಸಿಟ್ಟಿನ ಮಧ್ಯೆ ಒಂದು ವಿಚಿತ್ರ ನಡೆದಿದೆ. ಅದನ್ನು ಬೇರೆ ಯಾರಾದರೂ ಹೇಳಿದ್ದರೆ ನಾನೇ ನಂಬುತ್ತಿರಲಿಲ್ಲ.

ಸತ್ತವರು ತಿರುಗಿ ಬರುತ್ತಾರೆ ಎಂದು ನಾನು ಯಾವತ್ತೂ ನಂಬಿದವಳಲ್ಲ. ಮಳೆಗಾಲದ ಆಟಿ ತಿಂಗಳಲ್ಲಿ ಮನೆಯಲ್ಲಿ ತೀರಿಹೋದವರಿಗೆ ಎಲೆ ಹಾಕಿ ಬಡಿಸುವುದು ನಮ್ಮ ಕಡೆಯ ಪದ್ಧತಿ. ದೀಪ ಹಚ್ಚಿ, ಅನ್ನ, ಕೋಳಿ ಸಾರು, ಒಂದು ಲೋಟ ನೀರು ಇಟ್ಟು, ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ನಿಲ್ಲಬೇಕು. ಅವರು ಉಣ್ಣುವುದನ್ನು ಬದುಕಿದವರು ನೋಡಬಾರದು. ಸ್ವಲ್ಪ ಹೊತ್ತು ಬಿಟ್ಟು ಕೆಮ್ಮಿ, ಬಾಗಿಲು ತಟ್ಟಿ ಒಳಗೆ ಹೋದರೆ ಅನ್ನ ಇಟ್ಟ ಹಾಗೆಯೇ ಇರುತ್ತದೆ. ಮತ್ತೆ ನಾವೇ ಉಣ್ಣುವುದು. ಮದುವೆಯಾಗಿ ಬಂದಲ್ಲಿಂದ ಇದನ್ನು ಮಾಡುತ್ತಾ ಬಂದಿದ್ದೇನೆ, ದೇವರ ಫೋಟೋದ ಧೂಳು ಒರೆಸಿದ ಹಾಗೆ. ನಂಬಿಕೆಯ ಪ್ರಶ್ನೆ ಬಂದಿರಲಿಲ್ಲ.

ನನ್ನ ಯಜಮಾನರು ಮುಂಬಯಿಯ ಬೈಕುಲ್ಲಾದ ಒಂದು ಹೋಟೆಲಿನಲ್ಲಿ ಅಡುಗೆಯವರಾಗಿದ್ದರು. ಊರಿಗೆಲ್ಲ ಬಡಿಸಿದ ಮನುಷ್ಯ, ಮನೆಯಲ್ಲಿ ಕೂತು ಉಂಡದ್ದು ಕಡಿಮೆ. ಮಗ ಹುಟ್ಟಿದ ದಿನವೂ ಹೋಟೆಲಿನಲ್ಲಿ ಗಿರಾಕಿ ಹೆಚ್ಚು ಎಂದು ಬರಲಿಲ್ಲ. ಕೊನೆಗೆ ಸಕ್ಕರೆ ಕಾಯಿಲೆ ಹಿಡಿಯಿತು. ಸಿಹಿ ಮುಟ್ಟಬಾರದೆಂದು ಮಗ ಸುಧಾಕರ ಪೊಲೀಸನ ಹಾಗೆ ಕಾವಲು ಕೂರುತ್ತಿದ್ದ. ಅವರು ನನ್ನ ಮುಖ ನೋಡುತ್ತಿದ್ದರು, ಚಿಕ್ಕ ಮಕ್ಕಳು ನೋಡುವ ಹಾಗೆ. ನಾನು ಬಡಿಸುವಾಗ ಅನ್ನದ ಅಡಿಯಲ್ಲಿ ಕಡಲೆಕಾಳಿನಷ್ಟು ಬೆಲ್ಲ ಅಡಗಿಸುತ್ತಿದ್ದೆ. ಅವರು ಹುಡುಕಿ ತಿಂದು ಏನೂ ಆಗದವರಂತೆ ಮೀಸೆ ಒರೆಸುತ್ತಿದ್ದರು. ಈ ಕಳ್ಳತನ ನಮ್ಮಿಬ್ಬರ ಮಧ್ಯೆ ಮಾತ್ರ ಇತ್ತು. ತನ್ವಿ ಹುಟ್ಟುವ ಮೊದಲೇ ಅವರು ತೀರಿಕೊಂಡರು. ಆಮೇಲೂ ಪ್ರತಿ ಆಟಿಯಲ್ಲಿ ಅವರ ಎಲೆಯ ಅನ್ನದ ಅಡಿಗೆ ಬೆಲ್ಲ ಇಡುತ್ತಿದ್ದೆ. ಆ ಎಲೆಯ ಮುಂದೆ ಕೂತು ಉಣ್ಣುವವಳೂ ನಾನೇ ಆದ್ದರಿಂದ ಯಾರಿಗೂ ಗೊತ್ತಾಗಲಿಲ್ಲ.

ಈಗ ತನ್ವಿಯ ಕಥೆ. ಹುಡುಗಿ ದೊಡ್ಡವಳಾಗುತ್ತಾ ಬಂದ ಹಾಗೆ ಅವಳ ಬೆನ್ನು ಬಳ್ಳಿಯ ಹಾಗೆ ಸೊಟ್ಟಗಾಯಿತು. ಸ್ಕೋಲಿಯೋಸಿಸ್ ಎಂದು ಅದಕ್ಕೆ ಹೆಸರಂತೆ. ಒಂದು ದೊಡ್ಡ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿ, ಬೆನ್ನುಮೂಳೆಯ ಎರಡೂ ಕಡೆ ರಾಡು ಇಟ್ಟು, ಸ್ಕ್ರೂ ಹಾಕಿ ಬಿಗಿದರು. ಮೂಳೆಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ, ರಾಡು ಜೀವಮಾನ ಪೂರ್ತಿ ಒಳಗೇ ಇರಲಿ ಎಂದರು. ಹುಡುಗಿ ನೆಟ್ಟಗಾದಳು, ಎತ್ತರವಾದಳು. ನಾವು ಎಲ್ಲರಿಗೂ ಪೇಡ ಹಂಚಿದೆವು.

ಎರಡು ವರ್ಷ ಕಳೆದು ನೋವು ಶುರುವಾಯಿತು. ಸಂಜೆಯಾದರೆ ಮೈ ಬೆಚ್ಚಗೆ. ರಾತ್ರಿ ಮಲಗಿದಲ್ಲೇ ನರಳುತ್ತಿದ್ದಳು. ಅದೇ ಆಸ್ಪತ್ರೆಗೆ ಹೋದೆವು. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ರಾಡು ಸರಿ ಉಂಟು, ಸ್ಕ್ರೂ ಸರಿ ಉಂಟು, ಹುಡುಗಿಗೆ ಹನ್ನೆರಡನೇ ಕ್ಲಾಸಿನ ಪರೀಕ್ಷೆಯ ಹೆದರಿಕೆ, ಮನಸ್ಸಿನ ಡಾಕ್ಟರಿಗೆ ತೋರಿಸಿ ಎಂದರು. ಅವರ ಫೋಟೋದಲ್ಲಿ ಕಬ್ಬಿಣ ನೆಟ್ಟಗೆ ನಿಂತಿತ್ತು, ಎದುರಿಗಿದ್ದ ಹುಡುಗಿಗೆ ನಿಲ್ಲಲು ಆಗುತ್ತಿರಲಿಲ್ಲ. ಆ ಮನುಷ್ಯ ಅವಳ ಅಂಗಿ ಸರಿಸಿ ಬೆನ್ನು ಒಮ್ಮೆಯೂ ಮುಟ್ಟಿ ನೋಡಲಿಲ್ಲ. ಇದನ್ನು ಬರೆಯುವಾಗಲೂ ಪೆನ್ನು ಕಾಗದವನ್ನು ತೂತು ಮಾಡುತ್ತದೆ. ಮುದುಕಿಯ ಕೈ ಎಂದುಕೊಳ್ಳಬೇಡಿ, ಸಿಟ್ಟಿನ ಕೈ ಇದು.

ಮನೆಗೆ ಬಂದ ಮೇಲೆ ನನ್ನ ಮಗನೂ ಅದೇ ರಾಗ ಹಾಡಿದ. ನಾಟಕ ಸಾಕು, ಪುಸ್ತಕ ಹಿಡಿ ಎಂದು ಅವಳಿಗೆ ಗದರಿದ. ಸೊಸೆ ವನಿತಾ ಅಡುಗೆಮನೆಯಲ್ಲಿ ಅತ್ತಳು. ನಾನು ಗೋಡೆಯಲ್ಲಿದ್ದ ಯಜಮಾನರ ಫೋಟೋದ ಎದುರು ನಿಂತು, ನಿಮ್ಮ ಮೊಮ್ಮಗಳನ್ನು ನೋಡಿ ಎಂದು ದಿನಾ ಬೇಡಿದೆ. ಅವರು ಫೋಟೋದಲ್ಲಿ ನಗುತ್ತಲೇ ಇದ್ದರು. ನನಗೆ ಅವರ ಮೇಲೂ ಸಿಟ್ಟು ಬಂತು.

ಹಾಗಿರುವಾಗ ಹೋದ ವರ್ಷದ ಆಟಿ ಬಂತು. ಸಯನ್‌ನಿಂದ ನನ್ನ ನಾದಿನಿ ಸುಮತಿ ಬಾಳೆ ಎಲೆ ಹಿಡಿದುಕೊಂಡು ಬಂದಳು. ಪದ್ಧತಿಯ ವಿಷಯದಲ್ಲಿ ಅವಳು ಒಂದು ಕೂದಲೆಳೆಯಷ್ಟೂ ಬಿಡುವವಳಲ್ಲ. ನಮ್ಮದು ಆಂಟಾಪ್ ಹಿಲ್‌ನಲ್ಲಿ ಒಂದು ರೂಮು, ಒಂದು ಅಡುಗೆಮನೆ. ಅಡುಗೆಮನೆಗೆ ಬಾಗಿಲಿಲ್ಲ. ಬಡಿಸುವುದಾದರೆ ರೂಮಿನಲ್ಲೇ ಬಡಿಸಬೇಕು. ಆದರೆ ರೂಮಿನ ಮಂಚದಲ್ಲಿ ತನ್ವಿ ಮಲಗಿದ್ದಳು, ಎಬ್ಬಿಸಿದರೆ ಕಿರುಚುತ್ತಿದ್ದಳು. ಸುಮತಿ ಸ್ವಲ್ಪ ಹೊತ್ತು ಯೋಚಿಸಿ, ಮಂಚಕ್ಕೂ ಎಲೆಗೂ ನಡುವೆ ಹಗ್ಗ ಕಟ್ಟಿ ಬೆಡ್‌ಶೀಟು ಇಳಿಬಿಟ್ಟಳು.

"ಪರದೆ ಕಟ್ಟಿದರೆ ಗೋಡೆಯೇ ಅತ್ತಿಗೆ. ಮುಂಬಯಿಯ ಮನೆ ಹೇಗೆ ಅಂತ ಅವರಿಗೂ ಗೊತ್ತುಂಟು," ಎಂದಳು.

ನಮ್ಮಂಥವರಿಗೆ ಮಾತ್ರ ಹೊಳೆಯುವ ಬುದ್ಧಿ ಇದು. ಬದುಕಿದವರು ಇರಬಾರದ ಜಾಗದಲ್ಲಿ ಜ್ವರದ ಹುಡುಗಿಯನ್ನು ಮಲಗಿಸಿಟ್ಟು, ಹೂವಿನ ಚಿತ್ರದ ಒಂದು ಬಟ್ಟೆಯನ್ನು ನಂಬಿ ನಾವೆಲ್ಲ ಹೊರಡುವವರಾದೆವು.

ಕೊನೆಗೆ ಅನ್ನ ಬಡಿಸಿದವಳು ನಾನು. ಬೆಲ್ಲದ ಡಬ್ಬಿ ಪಕ್ಕದಲ್ಲೇ ಇತ್ತು. ಕೈ ಅಲ್ಲಿಯವರೆಗೆ ಹೋಯಿತು. ಆಗ ಪರದೆಯ ಆಚೆ ಹುಡುಗಿ ನರಳಿದಳು. ನಾನು ಡಬ್ಬಿಯ ಮುಚ್ಚಳ ಮುಚ್ಚಿದೆ. ನಿಮಗೆ ಬೆಲ್ಲ ಬೇರೆ ಕೇಡು ಎಂದು ಮನಸ್ಸಿನಲ್ಲೇ ಹೇಳಿ ಬರಿಯ ಅನ್ನ ಬಡಿಸಿದೆ. ಬಾಯಿ ಬಿಟ್ಟು ಒಂದು ಅಕ್ಷರ ಆಡಲಿಲ್ಲ.

ದೀಪ ಹಚ್ಚುವ ಹೊತ್ತು. ನಾವು ನಾಲ್ವರೂ ಪ್ಯಾಸೇಜಿನಲ್ಲಿ ನಿಂತೆವು. ಪಕ್ಕದ ಮನೆಯಲ್ಲಿ ಟಿವಿ ಓಡುತ್ತಿತ್ತು. ಒಳಗಿಂದ ಒಂದು ಸದ್ದೂ ಬರಲಿಲ್ಲ. ನರಳಾಟವೂ ನಿಂತುಹೋಯಿತು. ಅದು ನಿಂತದ್ದೇ ನನಗೆ ಹೆದರಿಕೆಯಾಯಿತು. ಸುಮತಿ ಇನ್ನೂ ಸ್ವಲ್ಪ ಇರಿ ಎನ್ನುವಷ್ಟರಲ್ಲಿ ನಾನು ಕೆಮ್ಮಿ, ಬಾಗಿಲು ತಟ್ಟಿ ಒಳಗೆ ಹೋದೆ.

ಎಲೆ ಇಟ್ಟ ಹಾಗೆಯೇ ಇತ್ತು. ಪರದೆ ಕಟ್ಟಿದ ಹಾಗೆಯೇ ಇತ್ತು. ಸರಿಸಿ ನೋಡಿದರೆ ಹುಡುಗಿ ಕವುಚಿ ಮಲಗಿದ್ದಳು. ನೋವು ಶುರುವಾದ ಮೇಲೆ ತಾನಾಗಿ ಮಗ್ಗುಲು ಬದಲಿಸಲು ಆಗದಿದ್ದವಳು. ಅವಳ ಅಂಗಿಯ ಬೆನ್ನು ಒದ್ದೆಯಾಗಿತ್ತು. ಎತ್ತಿ ನೋಡಿದೆ. ಹಳೆಯ ಹೊಲಿಗೆಯ ನಡುವೆ ಸಣ್ಣದೊಂದು ತೂತು ಬಿದ್ದು ಕೀವು ಹರಿಯುತ್ತಿತ್ತು. ಅವಳ ಮುಖ ಮಾತ್ರ ಶಾಂತವಾಗಿತ್ತು.

"ಅಜ್ಜಿ, ಅಜ್ಜ ಬಂದಿದ್ರು," ಎಂದಳು, ಯಾವಾಗಿನ ಹಾಗೆ ಹಿಂದಿ ಬೆರೆಸಿ. "ಇಧರ್ ಒತ್ತಿದ್ರು. ಇದು ಒಳಗೆ ಬೇಡ, ತೆಗೆಸಿಬಿಡು ಅಂದ್ರು."

ಜ್ವರದಲ್ಲಿ ಏನೋ ಕನಸು ಎಂದು ಸುಧಾಕರ ಹೇಳಿದ. ನಾನೂ ಹಾಗೆಯೇ ಅಂದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ಅವಳು ನನ್ನ ಕೈ ಹಿಡಿದು ಮೆಲ್ಲಗೆ ಕೇಳಿದಳು.

"ಅನ್ನದ ಕೆಳಗೆ ಇವತ್ತು ಬೆಲ್ಲ ಯಾಕಿಲ್ಲ ಅಂತ ಪೂಛಾ ಅಜ್ಜ. ನೀನು ಅವರ ಮೇಲೆ ಗುಸ್ಸಾ ಇದ್ದೀಯಾ ಅಜ್ಜಿ?"

ನಾನು ಬೆಲ್ಲ ಇಟ್ಟಿಲ್ಲವೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಹೋಗಿ ಎಲೆಯ ಅನ್ನಕ್ಕೆ ಕೈಹಾಕಿ ಕೆದಕಿ ನೋಡಿದೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನಿಜ ಹೇಳುತ್ತೇನೆ, ನನಗೆ ಹೆದರಿಕೆ ಆಮೇಲೆ ಬಂತು. ಮೊದಲು ಬಂದದ್ದು ಸಿಟ್ಟು. ಮಗು ಇಷ್ಟು ಕಾಲ ಒದ್ದಾಡುವಾಗ ಬಾರದ ಮನುಷ್ಯ, ಕೊನೆಗೆ ಬಂದು ಬೆಲ್ಲದ ಲೆಕ್ಕ ಕೇಳುತ್ತಾರಾ?

ಸುಧಾಕರ ಆ ಕೀವನ್ನು ತಾನೇ ಬಟ್ಟೆಯಿಂದ ಒರೆಸಿದ. ಮರುದಿನ ಹಳೆಯ ಆಸ್ಪತ್ರೆ ಬಿಟ್ಟು ಬೇರೆ ಕಡೆ ಹೋದೆವು. ಅಲ್ಲಿಯ ಡಾಕ್ಟರಮ್ಮ ಮೊದಲು ಕೈ ತೊಳೆದು ಬೆನ್ನು ನೋಡಿದರು, ಎಕ್ಸ್‌ರೇ ಆಮೇಲೆ ನೋಡಿದರು. ಕ್ರಿಮಿ ರಾಡಿಗೆ ಅಂಟಿಕೊಂಡು ಕೂತಿದೆ, ಅಲ್ಲಿಗೆ ಔಷಧ ಮುಟ್ಟುವುದಿಲ್ಲ, ಮೂಳೆ ಹೇಗೂ ಕೂಡಿಕೊಂಡಿದೆ, ಕಬ್ಬಿಣ ತೆಗೆಯಲೇಬೇಕು ಎಂದರು. ತೆಗೆಸಬೇಕೆಂಬ ಮಾತನ್ನು ನಾನು ಎರಡನೇ ಸಲ ಕೇಳಿದ್ದು ಅಲ್ಲಿ.

ತೆಗೆದರು. ಒಳಗೆಲ್ಲ ತೊಳೆದರು. ಮೊದಲು ಸೂಜಿ, ಆಮೇಲೆ ತಿಂಗಳುಗಟ್ಟಲೆ ಗುಳಿಗೆ. ಹುಡುಗಿಗೆ ಆ ವರ್ಷದ ಪರೀಕ್ಷೆ ಬರೆಯಲಾಗಲಿಲ್ಲ. ಬೆನ್ನು ಈಗ ಪುನಃ ಸ್ವಲ್ಪ ವಾಲಿದೆ. ವಾಲಲಿ. ತೆಗೆದ ರಾಡುಗಳನ್ನು ಕೇಳಿ ಪಡೆದುಕೊಂಡಿದ್ದೇನೆ. ಆ ಮೊದಲಿನ ಡಾಕ್ಟರ ಮೇಜಿನ ಮೇಲೆ ಅವನ್ನು ಇಟ್ಟು, ಇದಕ್ಕೂ ಪರೀಕ್ಷೆಯ ಹೆದರಿಕೆಯಾ ಎಂದು ಕೇಳಬೇಕೆಂದಿದ್ದೆ. ಮಗ ಹೋಗಲು ಬಿಡಲಿಲ್ಲ. ಕೇಳುವುದು ಬಾಕಿ ಉಂಟು.

ಕೀವು ತುಂಬಿದ್ದರೆ ಯಾವತ್ತೋ ಒಂದು ದಿನ ತಾನಾಗಿ ಒಡೆಯುತ್ತದೆ ಎಂದು ಡಾಕ್ಟರಮ್ಮ ಹೇಳಿದರು. ಒಪ್ಪಿದೆ. ಬೆಲ್ಲದ ಗುಟ್ಟನ್ನು ಆಮೇಲೆ ಮಗನಿಗೆ ಹೇಳಿದೆ. ಹಿಂದೆ ಯಾವಾಗಲೋ ನೀನು ಬೆಲ್ಲ ಇಡುವುದನ್ನು ಹುಡುಗಿ ನೋಡಿರಬಹುದು ಎಂದು ಮಗ ಹೇಳುತ್ತಾನೆ. ಅದೂ ಆಗಿರಬಹುದು. ಆದರೆ ಆ ದಿನ ಇಡಲಿಲ್ಲವೆಂದು ಪರದೆಯ ಆಚೆ ಮಲಗಿದ್ದವಳಿಗೆ ಹೇಗೆ ತಿಳಿಯಿತು? ತನ್ವಿಗೆ ಈಗ ಯಾವುದೂ ನೆನಪಿಲ್ಲವಂತೆ. ನಾನು ಎಷ್ಟು ಯೋಚಿಸಿದರೂ ಅಲ್ಲಿಗೇ ಬಂದು ನಿಲ್ಲುತ್ತೇನೆ. ನಂಬಿದೆ ಎಂದು ಹೇಳಲೂ ಆಗುವುದಿಲ್ಲ, ಇಲ್ಲ ಎಂದು ಹೇಳಲೂ ಬಾಯಿ ಬರುವುದಿಲ್ಲ.

ನಿನ್ನೆ ಸಂಜೆ ಕೋಳಿ ಸಾರು ಮಾಡಿ ಸುಮತಿಯನ್ನೂ ಕರೆದೆವು. ಎಲ್ಲರಿಗೂ ಸಾಲಾಗಿ ಎಲೆ ಹಾಕಿದೆ. ಕೂಡಿಕೊಂಡ ಬೆನ್ನು ಬಗ್ಗುವುದಿಲ್ಲವಾದ್ದರಿಂದ ತನ್ವಿಗೆ ಕುರ್ಚಿ, ಎದುರಿಗೊಂದು ಸ್ಟೂಲು. ಅವಳ ಪಕ್ಕದಲ್ಲಿ ಇನ್ನೊಂದು ಎಲೆ ಹಾಕಿ ಅನ್ನ ಬಡಿಸಿದೆ. ಬೆಲ್ಲವನ್ನು ಈ ಸಲ ಅಡಿಯಲ್ಲಿ ಅಡಗಿಸಲಿಲ್ಲ. ದೊಡ್ಡ ತುಂಡನ್ನೇ ಅನ್ನದ ಮೇಲೆ, ಮಗನ ಕಣ್ಣೆದುರೇ ಇಟ್ಟೆ. ಬಾಗಿಲು ತೆರೆದೇ ಇತ್ತು.

"ಎಂಥ ಅತ್ತಿಗೆ ಇದು, ಸತ್ತವರನ್ನು ಬದುಕಿದವರ ಸಾಲಲ್ಲಿ ಕೂರಿಸುವುದುಂಟಾ?" ಎಂದಳು ಸುಮತಿ.

"ಬರುವುದಾದರೆ ಎಲ್ಲರ ಎದುರು ಬಂದು ಉಣ್ಣಲಿ," ಎಂದೆ. "ಕದ್ದು ಬಂದು ಮಗುವಿನ ಹತ್ತಿರ ಚಾಡಿ ಹೇಳುವುದು ಬೇಡ."

ಸುಮತಿ ಬಾಯಿಗೆ ಸೆರಗು ಹಿಡಿದು ನಕ್ಕಳು. ಸುಧಾಕರ ಬೆಲ್ಲವನ್ನು ನೋಡಿದ, ನನ್ನನ್ನು ನೋಡಿದ, ತಲೆ ತಗ್ಗಿಸಿ ಮಗಳ ಎಲೆಗೆ ಸಾರು ಬಡಿಸಿದ.

ತನ್ವಿ ಆ ಎಲೆಯ ಕಡೆಗೇ ನೋಡುತ್ತಿದ್ದಳು. ಅಜ್ಜನ ಬೆಲ್ಲ ತಾನು ತೆಗೆದುಕೊಳ್ಳಬಹುದಾ ಎಂದು ಕೇಳಿದಳು. ಅವರನ್ನೇ ಕೇಳು ಎಂದೆ. ಉತ್ತರಕ್ಕೆ ಕಾಯುವವರ ಹಾಗೆ ಅವಳು ಆ ಎಲೆಯ ಕಡೆಗೆ ಕಿವಿಗೊಟ್ಟಳು. ಬಗ್ಗಲಾಗದ ಅವಳಿಗೆ ವನಿತಾ ಬೆಲ್ಲ ಎತ್ತಿ ಕೊಟ್ಟಳು. ಹುಡುಗಿ ಅದನ್ನು ಮುರಿದು ಅರ್ಧ ಬಾಯಿಗೆ ಹಾಕಿಕೊಂಡು, ಇನ್ನರ್ಧವನ್ನು ಅಮ್ಮನ ಕೈಯಿಂದ ತಿರುಗಿ ಅಲ್ಲೇ ಇಡಿಸಿದಳು. ಆಮೇಲೆ ಎಲ್ಲರೂ ಉಂಡೆವು.