ಸಾಹೇಬರ ಸಮುದ್ರಕ್ಕೆ ಬ್ಯಾಟರಿ ನೀರು

ಗುಂಡ್ಯಾ, ಚಿಮಣಿ, ಹೋದ ವಾರ ನೀವಿಬ್ಬರೂ ಗಾಜಿನ ಪೆಟ್ಟಿಗೆ ತಂದು ಎರಡು ಕೆಂಪು ಮೀನು ಬಿಟ್ಟಿರಿ. ನೀರು ಎಷ್ಟು ತುಂಬಬೇಕೆಂದು ಜಗಳವಾಡುತ್ತಿದ್ದಾಗ ನಾನು ಬಾಗಿಲ ಬಳಿ ನಿಂತು, "ಮೊದಲು ಒಂದು ಗೀಟು ಹಾಕ್ರಿ" ಎಂದೆ. ಅಜ್ಜಿಗೆ ಮೀನಿನ ಬಗ್ಗೆ ಏನು ಗೊತ್ತು ಎಂದು ನಕ್ಕಿರಿ. ಮೀನಿನ ಬಗ್ಗೆ ಗೊತ್ತಿಲ್ಲ, ನಿಜ. ಆದರೆ ನಾನು ಒಂದು ಬೇಸಿಗೆಯಿಡೀ ಸಮುದ್ರವನ್ನು ಸಾಕಿದ್ದೇನೆ, ಅದೂ ದೇವದುರ್ಗದಲ್ಲಿ. ಸಮುದ್ರವನ್ನು ಇವತ್ತಿಗೂ ಕಣ್ಣಾರೆ ನೋಡಿಲ್ಲ. ಆ ಕಥೆಯನ್ನು ಎದುರಿಗೆ ಕೂತು ಹೇಳಲು ನನಗೆ ನಾಚಿಕೆ, ಅದಕ್ಕೇ ಬರೆಯುತ್ತಿದ್ದೇನೆ. ಮಟಮಾರಿಯ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಕಲಿತ ಕೈ ಇದು. ತಪ್ಪಿದ್ದರೆ ತಿದ್ದಿಕೊಳ್ಳಿ.

ಎಂಬತ್ತರ ದಶಕದ ಆರಂಭ. ನಿಮ್ಮಜ್ಜ ದೇವದುರ್ಗದ ಒಂದು ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಕೂಲಿ ಮಾಡಿ ಬದುಕಿದ ಮನೆತನದಲ್ಲಿ ಕುರ್ಚಿಯ ಮೇಲೆ ಕೂತ ಮೊದಲ ಮನುಷ್ಯ ಅವರು. ಅದಕ್ಕೋ ಏನೋ, ಯಾವಾಗಲೂ ಕುರ್ಚಿಯ ಅಂಚಿನಲ್ಲೇ ಕೂರುತ್ತಿದ್ದರು. ನಿಮ್ಮವ್ವ ಆಗಷ್ಟೇ ಹತ್ತನೆಯ ಪರೀಕ್ಷೆ ಬರೆದಿದ್ದಳು. ಮುಂದೆ ರಾಯಚೂರಿನ ಕಾಲೇಜಿನಲ್ಲಿ ವಿಜ್ಞಾನ ಓದುವುದು ಅವಳ ಹಟ. ಹಾಸ್ಟೆಲಿಗೆ ಕಳಿಸಲು ನಮ್ಮತ್ತೆ ಸುತರಾಂ ಒಪ್ಪಲಿಲ್ಲ. ಉಳಿದದ್ದು ಒಂದೇ ದಾರಿ, ನಿಮ್ಮಜ್ಜನಿಗೆ ರಾಯಚೂರಿಗೆ ವರ್ಗವಾಗಬೇಕು. ವರ್ಗದ ಅರ್ಜಿ ಸಾಹೇಬರ ಮೇಜಿನ ಮೇಲಿತ್ತು.

ಸಾಹೇಬರು ಮಂಗಳೂರು ಕಡೆಯವರು. ಚಳಿಗಾಲದಲ್ಲಿ ದೇವದುರ್ಗಕ್ಕೆ ಬರುವಾಗ ಹೆಂಡತಿ ಮಕ್ಕಳನ್ನು ಊರಲ್ಲೇ ಬಿಟ್ಟು ಒಂದು ಗಾಜಿನ ತೊಟ್ಟಿಯನ್ನು ಮಾತ್ರ ಜೀಪಿನಲ್ಲಿ ತಂದಿದ್ದರು. ತೊಟ್ಟಿಯಲ್ಲಿ ಸಮುದ್ರದ ನೀರು, ತಳದಲ್ಲಿ ಒಂದು ಕಲ್ಲು, ಕಲ್ಲಿನ ಮೈತುಂಬ ಅಂಗಿಯ ಗುಂಡಿಯಷ್ಟು ಅಗಲದ ಮೆತ್ತನೆಯ ಹೂಗಳು. ಅವು ಹೂಗಳಲ್ಲ, ಜೀವಗಳು, ಹವಳದ ಬಳಗದವು, ಆದರೆ ಹವಳದಂತೆ ಗಟ್ಟಿಯಲ್ಲ, ಒಂದೊಂದಕ್ಕೂ ಪಾಲಿಪ್ ಎನ್ನುತ್ತಾರೆ ಎಂದು ನಿಮ್ಮಜ್ಜ ಕಚೇರಿಯಲ್ಲಿ ಕಲಿತು ಬಂದು ಹೇಳಿದರು. ನಡುವೆ ಹಸಿರು, ಸುತ್ತ ಕಂದು ಎಳೆಗಳು. ಬೆಳಕು ಬಿದ್ದರೆ ಅರಳುತ್ತವೆ. ಹತ್ತಿರ ಯಾರಾದರೂ ಕೈ ತಂದರೆ ಮುಚ್ಚಿಕೊಳ್ಳುತ್ತವೆ. ಅದನ್ನು ಕೇಳಿದಾಗಲೇ ನನಗೆ ಅವುಗಳ ಮೇಲೆ ಅಕ್ಕರೆ ಹುಟ್ಟಿತು.

ಏಪ್ರಿಲಿನಲ್ಲಿ ಸಾಹೇಬರು ಎರಡು ತಿಂಗಳ ರಜೆ ಹಾಕಿದರು. ನಿಮ್ಮಜ್ಜನನ್ನು ಕರೆದು, "ನಿಮ್ಮ ಅರ್ಜಿ ನಾನು ಬಂದ ಮೇಲೆ ನೋಡುವ. ಅಷ್ಟರವರೆಗೆ ಇವು ನಿಮ್ಮ ಮನೆಯಲ್ಲಿರಲಿ. ಒಂದೂ ಸಾಯಬಾರದು ಮಾರಾಯ್ರೆ" ಎಂದರಂತೆ.

ಮರುದಿನ ಬಂಡಿಯಲ್ಲಿ ಸಮುದ್ರ ಬಂತು. ಅದರ ಜೊತೆಗೆ ಎಂಟು ಕ್ಯಾನು ಉಪ್ಪುನೀರು, ಗುಳ್ಳೆ ಬಿಡುವ ಸಣ್ಣ ಯಂತ್ರ, ಒಂದು ಟೇಬಲ್ ಫ್ಯಾನು ಮತ್ತು ಒಂದು ಹಾಳೆ ಸೂಚನೆ. ನೀರು ಬಿಸಿಯಾದರೆ ಈ ಜೀವಗಳು ಕರಗಿಹೋಗುತ್ತವೆ, ಆದ್ದರಿಂದ ಹಗಲೆಲ್ಲ ಫ್ಯಾನು ನೀರಿನ ಮೇಲೆ ಬೀಸುತ್ತಿರಬೇಕು ಎಂದು ಬರೆದಿತ್ತು. ನಮ್ಮ ಮನೆಯಲ್ಲಿ ಮನುಷ್ಯರಿಗೇ ಫ್ಯಾನು ಇರಲಿಲ್ಲ. ನಾವೆಲ್ಲ ತೊಟ್ಟಿಯ ಹಿಂದೆ ಸಾಲಾಗಿ ಕೂತು, ಸಮುದ್ರಕ್ಕೆ ಬೀಸಿ ಉಳಿದ ಗಾಳಿಯನ್ನು ತೆಗೆದುಕೊಳ್ಳುತ್ತಿದ್ದೆವು.

ನಮ್ಮತ್ತೆ ಮೊದಲ ದಿನವೇ ವಿಚಾರಣೆ ಶುರು ಮಾಡಿದರು.

"ಇವು ಏನ್ ತಿಂತಾವೋ?"

"ಬೆಳಕೇ ಇವುಕ್ಕ ಊಟ ಯವ್ವಾ. ಬಿಸಿಲಿದ್ರ ಆತು" ಎಂದರು ನಿಮ್ಮಜ್ಜ.

"ಬಿಸಿಲು ತಿನ್ನೋವು ದೇವದುರ್ಗಕ್ಕ ಬಂದಾವೇನು? ಹೊಟ್ಟಿ ಒಡದು ಸಾಯ್ತಾವ ನೋಡು!"

ನಿಮ್ಮಜ್ಜ ನಗಲಿಲ್ಲ. ತೊಟ್ಟಿಯನ್ನು ಮೂಡಣದ ಕಿಟಕಿಗೆ ಇಟ್ಟರು, ಎಳೆಬಿಸಿಲು ಮಾತ್ರ ಬೀಳುವ ಹಾಗೆ. ಮಧ್ಯಾಹ್ನ ಗಾಜಿನ ಸುತ್ತ ಹಸಿ ಗೋಣಿಚೀಲ ಕಟ್ಟಿದರು. ಆಮೇಲೆ ಒಂದು ನೋಟುಬುಕ್ಕಿಗೆ ಗೆರೆ ಎಳೆದು ಹಾಜರಿ ಪುಸ್ತಕ ಮಾಡಿದರು. ಕಲ್ಲಿನ ಮೇಲೆ ನಲವತ್ತೊಂದು ಪಾಲಿಪ್‌ಗಳಿದ್ದವು. ಬೆಳಿಗ್ಗೆ ಕಚೇರಿಗೆ ಹೋಗುವ ಮುನ್ನ ಒಮ್ಮೆ, ಸಂಜೆ ಬಂದ ಮೇಲೆ ಒಮ್ಮೆ ಎಣಿಕೆ. ಅರಳಿದ್ದರೆ ಹಾಜರು, ಮುಚ್ಚಿದ್ದರೆ ಗೈರು. ಕರೆಂಟು ಹೋದಾಗ ಗುಳ್ಳೆಯ ಯಂತ್ರ ನಿಲ್ಲುತ್ತಿತ್ತು. ಆಗ ನಾನು ಎರವಲು ತಂದ ಸೈಕಲ್ ಪಂಪಿಗೆ ಕೊಳವೆ ಕಟ್ಟಿ ನೀರಿಗೆ ಗಾಳಿ ಹೊಡೆಯಬೇಕಿತ್ತು. ಆ ಸದ್ದಿಗೆ ಪಕ್ಕದ ಮನೆಯಾಕೆ ಗೋಡೆಯಾಚೆಯಿಂದ, "ಯಕ್ಕಾ, ಮುಂಜಾನಿಂದ ಗಾಳಿ ಹೊಡ್ಯಾಕತ್ತೀರಿ, ನಿಮ್ಮ ಸೈಕಲ್ ಎಲ್ಲೈತ್ರೀ?" ಎಂದು ಕೇಳಿದಳು. ನಮ್ಮಲ್ಲಿ ಸೈಕಲ್ ಇರಲಿಲ್ಲ. ನಾನು ಇನ್ನಷ್ಟು ಜೋರಾಗಿ ಹೊಡೆದೆ.

ಎರಡು ವಾರ ಎಲ್ಲರೂ ಹಾಜರಿದ್ದರು. ಆಮೇಲೆ ಒಂದು ದಿನ ಒಂಬತ್ತು ಗೈರು. ಮರುದಿನ ಇಪ್ಪತ್ತು. ಮೂರನೆಯ ದಿನ ಕಲ್ಲು ಬರೀ ಕಲ್ಲಾಗಿತ್ತು, ಮೇಲೆ ಬಿಗಿದ ಸಣ್ಣ ಸಣ್ಣ ಮುಷ್ಟಿಗಳು. ನಿಮ್ಮಜ್ಜ ಊಟ ಬಿಟ್ಟರು. ಸೂಚನೆಯ ಹಾಳೆಯನ್ನು ನಿಮ್ಮವ್ವನಿಂದ ಮೂರು ಸಲ ಓದಿಸಿದರು. ಗಾಜಿನ ಮೇಲೆ ಸಾಹೇಬರು ಹಾಕಿದ ಕೆಂಪು ಗೀಟು ಇತ್ತು. ನೀರು ಅದರ ಕೆಳಗೆ ಇಳಿಯಬಾರದು ಎಂದು ಹಾಳೆ ಹೇಳುತ್ತಿತ್ತು. ಫ್ಯಾನಿನ ಗಾಳಿಗೆ ದಿನಕ್ಕೆ ಎರಡು ಬೆರಳು ಇಳಿಯುತ್ತಿತ್ತು. ನಿಮ್ಮಜ್ಜ ಪ್ರತಿ ಸಂಜೆ ಕ್ಯಾನಿನ ಸಮುದ್ರದ ನೀರನ್ನು ಗೀಟಿನವರೆಗೆ ತುಂಬುತ್ತಿದ್ದರು. ಅವರ ಕಡೆಯಿಂದ ಒಂದು ಹನಿಯೂ ತಪ್ಪಿರಲಿಲ್ಲ.

ಅವರು ಕಚೇರಿಗೆ ಹೋದ ಮೇಲೆ ನಾನು ತೊಟ್ಟಿಯ ಅಂಚು ಒರೆಸಲು ಹೋದೆ. ಗಾಜಿನ ಮೇಲೆ ಬಿಳಿ ಉಪ್ಪು ಕಟ್ಟಿತ್ತು. ಅಡುಗೆ ಮಾಡುವ ಕೈ, ಸುಮ್ಮನಿರಲಿಲ್ಲ. ಬೆರಳು ಅದ್ದಿ ನಾಲಿಗೆಗೆ ಇಟ್ಟೆ. ಆಮೇಲೆ ಕ್ಯಾನಿನ ನೀರನ್ನೂ ಹಾಗೇ ನೋಡಿದೆ. ಕ್ಯಾನಿನ ನೀರು ಉಪ್ಪು ಜಾಸ್ತಿಯಾದ ಸಾರಿನಂತಿತ್ತು. ತೊಟ್ಟಿಯದು ಉಪ್ಪಿನಕಾಯಿಯ ರಸದಂತಿತ್ತು. ನನಗೆ ತಿಳಿದುಹೋಯಿತು. ಆವಿಯಾಗಿ ಹೋಗುವುದು ನೀರು ಮಾತ್ರ. ಉಪ್ಪು ಅಲ್ಲೇ ಕೂತಿರುತ್ತದೆ. ನಾವು ದಿನಾ ಅದರ ಮೇಲೆ ಇನ್ನಷ್ಟು ಉಪ್ಪು ಸುರಿಯುತ್ತಿದ್ದೆವು.

ಸಂಜೆ ಧೈರ್ಯ ಮಾಡಿ, "ಏನ್ರೀ, ಅದಕ್ಕ ಸಿಹಿನೀರು ಹಾಕಿ ನೋಡೂಣೇನ್ರೀ?" ಎಂದೆ.

"ಹುಚ್ಚು ಹಿಡದದೇನು? ಸಮುದ್ರಕ್ಕ ಯಾರರ ಸಿಹಿನೀರು ಹಾಕ್ತಾರೇನು?"

ಕೃಷ್ಣಾ ನದಿ ಹೋಗಿ ಎಲ್ಲಿ ಬೀಳುತ್ತದೆ ಎಂದು ಕೇಳಬೇಕಿತ್ತು. ಆ ಮಾತು ಹೊಳೆದದ್ದು ಪಾತ್ರೆ ತೊಳೆಯುವಾಗ. ನನ್ನ ಉತ್ತರಗಳು ಯಾವಾಗಲೂ ಹಾಗೇ, ಕೇಳಿದವರು ಎದ್ದುಹೋದ ಮೇಲೆ ಬರುತ್ತವೆ.

ನಮ್ಮ ಬೋರಿನ ನೀರು ಹಾಕುವಂತಿರಲಿಲ್ಲ. ಅದು ಕೊಡದ ತಳಕ್ಕೇ ಸುಣ್ಣದಂತೆ ಕಟ್ಟುತ್ತಿತ್ತು. ಮಾನ್ವಿಯಲ್ಲಿದ್ದ ನನ್ನ ತಂಗಿಯ ಗಂಡನದು ಲಾರಿ ಬ್ಯಾಟರಿ ಚಾರ್ಜು ಮಾಡುವ ಅಂಗಡಿ. ಬ್ಯಾಟರಿಗೆ ಹಾಕುವ ನೀರಿನಲ್ಲಿ ಏನೂ ಇರಬಾರದು, ಉಪ್ಪೂ ಇಲ್ಲ, ಸುಣ್ಣವೂ ಇಲ್ಲ ಎಂದು ಅವನು ಒಮ್ಮೆ ಹೇಳಿದ್ದು ನೆನಪಿತ್ತು. ತಂಗಿಗೆ ಮೈ ಸರಿಯಿಲ್ಲವೆಂದು ಸುಳ್ಳು ಹೇಳಿ ಬಸ್ಸು ಹತ್ತಿದೆ. ನಾನು ಬಂದ ಕಾರಣ ಹೇಳಿದಾಗ ಆರೋಗ್ಯವಾಗಿದ್ದ ತಂಗಿ ಬಾಗಿಲಲ್ಲೇ ಕೇಳಿದಳು.

"ಬ್ಯಾಟರಿ ನೀರೇನ ಯಕ್ಕಾ? ಭಾವ ಲಾರಿ ತಗೊಂಡಾರೇನು?"

"ಇಲ್ಲಬೇ. ಸಾಹೇಬ್ರ ಸಮುದ್ರ ಬತ್ತಾಕತ್ತದ."

ಅವಳು ನನ್ನ ಹಣೆ ಮುಟ್ಟಿ ನೋಡಿದಳು. ಆಮೇಲೆ ಎರಡು ಕ್ಯಾನು ತುಂಬಿಸಿ ಕೊಟ್ಟಳು.

ಅವತ್ತಿನಿಂದ ನಿಮ್ಮಜ್ಜ ಕಚೇರಿಗೆ ಹೋದ ಮೇಲೆ ನನ್ನ ಕಚೇರಿ ಶುರುವಾಗುತ್ತಿತ್ತು. ಒಂದು ತಂಬಿಗೆ ಉಪ್ಪುನೀರು ತೆಗೆದು ಒಂದು ತಂಬಿಗೆ ಬ್ಯಾಟರಿ ನೀರು ನಿಧಾನವಾಗಿ ಬಿಡುತ್ತಿದ್ದೆ. ಒಮ್ಮೆಲೇ ಸುರಿದರೆ ಬೆಚ್ಚಿಬೀಳುತ್ತವೆ ಎನಿಸಿತ್ತು. ದಿನವೂ ನಾಲಿಗೆಗೆ ಇಟ್ಟು ನೋಡುವುದು, ಕ್ಯಾನಿನ ರುಚಿಗೆ ಸಮ ಬರುವವರೆಗೆ. ಆಮೇಲೆ ಇಳಿದಷ್ಟು ಮಾತ್ರ ತುಂಬುವುದು. ತಂದ ನೀರು ಮುಗಿದಾಗಲೆಲ್ಲ ಮಾನ್ವಿಯ ತಂಗಿಗೆ ಮತ್ತೆ ಮೈ ಕೆಡುತ್ತಿತ್ತು.

ನಮ್ಮತ್ತೆ ಎರಡನೆಯ ದಿನವೇ ಹಿಡಿದರು. "ಸಾಹೇಬನ ಸಮುದ್ರಕ್ಕ ನೀರು ಬೆರಸಾಕತ್ತೀಯೇನಬೇ, ಗೌಳೇರು ಹಾಲಿಗೆ ಬೆರಸಿದಂಗ?"

"ಅವರಿಗೆ ಹೇಳಬ್ಯಾಡ್ರಿ ಅತ್ತಿ. ಇವು ಸತ್ರ ಫ್ಯಾನೂ ಹೋಗತದ."

ಅತ್ತೆ ಫ್ಯಾನಿನ ಕಡೆ ನೋಡಿದರು. "ನಾ ಏನೂ ನೋಡಿಲ್ಲ" ಎಂದು ಬಾಗಿಲಿಗೆ ಕಾವಲು ಕೂತರು.

ಐದನೆಯ ದಿನ ಒಂದು ಅರಳಿತು. ಹತ್ತನೆಯ ದಿನಕ್ಕೆ ಮೂವತ್ತು. ಮೇ ಮುಗಿಯುವ ಹೊತ್ತಿಗೆ ನಲವತ್ತೊಂದೂ ಹಾಜರು. ಸಂಜೆ ನೀರು ಗೀಟಿಗೆ ಸರಿಯಾಗಿ ನಿಂತಿರುವುದನ್ನು ಕಂಡು ನಿಮ್ಮಜ್ಜ ಪುಸ್ತಕದಲ್ಲಿ ದಿನವೂ "ನೀರು ಇಳಿದಿಲ್ಲ" ಎಂದು ಬರೆಯುತ್ತಿದ್ದರು. ಯಾಕೆ ಇಳಿದಿಲ್ಲ ಎಂದು ಒಮ್ಮೆಯೂ ಕೇಳಲಿಲ್ಲ. ಒಳ್ಳೆಯದಾದಾಗ ಕಾರಣ ಕೇಳಬಾರದೆಂದು ಅವರು ಕಚೇರಿಯಲ್ಲಿ ಕಲಿತಿದ್ದರು.

ಜೂನಿನಲ್ಲಿ ಸಾಹೇಬರು ನಮ್ಮ ಮನೆಗೇ ಬಂದರು. ನಾನು ಒಳಮನೆಯ ಬಾಗಿಲ ಹಿಂದೆ ನಿಂತೆ. ಅವರು ಕಲ್ಲನ್ನು ನೋಡಿ ಖುಷಿಪಟ್ಟರು. ಹಾಜರಿ ಪುಸ್ತಕ ತಿರುವಿದರು. ಕ್ಯಾನುಗಳನ್ನು ಎತ್ತಿ ನೋಡಿದರು. ಅವರ ಮುಖ ಬದಲಾಯಿತು.

"ಐದು ಕ್ಯಾನು ಹಾಗೇ ಉಂಟಲ್ಲ! ಮತ್ತೆ ನೀರು ತುಂಬಿದ್ದು ಎಲ್ಲಿಂದ?"

"ನೀರು ಇಳದೇ ಇಲ್ರೀ ಸಾಹೇಬ್ರ. ಬರದೀನಿ ನೋಡ್ರಿ."

"ಈ ಬೇಸಿಗೆಯಲ್ಲಿ, ಫ್ಯಾನಿನ ಅಡಿಯಲ್ಲಿ, ಒಂದು ತಿಂಗಳು ನೀರು ಇಳಿಯಲಿಲ್ಲವಾ? ನೋಡದೇ ಬರೆದದ್ದು ನೀವು. ಸುಳ್ಳು ಲೆಕ್ಕ ಬರೆಯುವವರನ್ನು ನಾನು ಯಾವ ಬಾಯಲ್ಲಿ ರಾಯಚೂರಿಗೆ ಶಿಫಾರಸು ಮಾಡುವುದು?"

ನಿಮ್ಮಜ್ಜ ಜೀವಮಾನದಲ್ಲಿ ಒಂದು ಸುಳ್ಳನ್ನೂ ಬರೆಯದ ಮನುಷ್ಯ. ನನ್ನ ಪಕ್ಕದಲ್ಲಿ ನಿಮ್ಮವ್ವ ನನ್ನ ಸೆರಗು ಹಿಡಿದು ಎಳೆಯುತ್ತಿದ್ದಳು. ಪರಗಂಡಸಿನ ಎದುರು ನಾನು ಅವತ್ತಿನವರೆಗೆ ದನಿ ಎತ್ತಿದವಳಲ್ಲ. ಬಾಗಿಲಿಗೆ ಹೇಳುವಂತೆ ಬಾಗಿಲನ್ನೇ ನೋಡುತ್ತ ಹೇಳಿದೆ.

"ಅವರು ಸುಳ್ಳು ಬರದಿಲ್ರೀ. ನೀರು ನಾ ತುಂಬೀನಿ."

"ಯಾವ ನೀರು?"

"ಬ್ಯಾಟರಿ ನೀರ್ರೀ. ಲಾರೀದು."

ಸಾಹೇಬರು ಕೂತುಬಿಟ್ಟರು. ಮಾತು ಒಮ್ಮೆ ಹೊರಟ ಮೇಲೆ ನನಗೂ ನಿಲ್ಲಿಸಲು ಬರಲಿಲ್ಲ.

"ಸಾರು ಬತ್ತಿದ್ರ ನೀರು ಹಾಕ್ತೀವ್ರೀ, ಅದರ ಮ್ಯಾಲ ಮತ್ತ ಸಾರು ಹಾಕಂಗಿಲ್ಲ. ಉಪ್ಪು ಎಲ್ಲಿ ಹೋಗತದ್ರೀ? ಗಡಿಗ್ಯಾಗ ಇರತದ. ನಮ್ಮ ಕೃಷ್ಣಾ ಹೊಳಿನೂ ಸಮುದ್ರಕ್ಕ ಸಿಹಿನೀರೇ ತುಂಬತದಲ್ರೀ."

ಸಾಹೇಬರು ಗಾಜಿನ ಮೇಲಿನ ಕೆಂಪು ಗೀಟನ್ನು ಬೆರಳಿನಿಂದ ಸವರಿದರು. "ನಮ್ಮಲ್ಲಿ ಗಾಳಿಯೇ ಒದ್ದೆ ಅಲ್ವಾ, ನೀರು ಇಳಿಯುವುದೇ ಕಡಿಮೆ. ಅದನ್ನು ಬರೆಯಬೇಕೆಂದು ನನಗೆ ಹೊಳೆಯಲೇ ಇಲ್ಲ" ಎಂದರು. ಆಮೇಲೆ, "ಉಪ್ಪು ಅಳೆಯುವ ಸಾಧನ ನನ್ನ ಹತ್ತಿರವೇ ಉಂಟಲ್ಲ. ನೀವು ಹೇಗೆ ಅಳೆದದ್ದು?"

"ನಾಲಿಗೀಲೆ."

ಅವರು ಕುರ್ಚಿಯಿಂದ ಹಾರಿ ಎದ್ದರು. "ನೆಕ್ಕಿದ್ದಾ? ಇದರಲ್ಲಿ ಕೆಲವು ಜಾತಿಗೆ ಮೈಯೆಲ್ಲ ವಿಷ ಉಂಟು ಮಾರಾಯ್ರೆ! ಬರಿಗೈಯಲ್ಲಿ ಮುಟ್ಟಲಿಕ್ಕೂ ಇಲ್ಲ!"

ನಿಮ್ಮಜ್ಜ ಬಿಳಿಚಿಕೊಂಡರು. ನಮ್ಮತ್ತೆ ಮಾತ್ರ ಫ್ಯಾನಿನ ಮುಂದಿನಿಂದ ಅಲುಗಲಿಲ್ಲ. "ತಿಂಗಳಾತು ನೆಕ್ಕಾಕತ್ತು. ಸಾಯೋಳಿದ್ರ ಇಷ್ಟೊತ್ತಿಗೆ ಸಾಯ್ತಿದ್ಲು. ನೀವು ಅರ್ಜಿ ನೋಡ್ರಿ ಸಾಹೇಬ್ರ."

ಸಾಹೇಬರು ಅರ್ಜಿ ನೋಡಿದರು. ಸೂಚನೆಯ ಹಾಳೆಯ ಕೊನೆಗೆ "ಇಳಿದಷ್ಟಕ್ಕೆ ಬ್ಯಾಟರಿ ನೀರು" ಎಂದು ತಮ್ಮ ಕೈಯಿಂದಲೇ ಸೇರಿಸಿದರು. ಸಮುದ್ರದ ಜೊತೆ ಫ್ಯಾನೂ ಬಂಡಿ ಹತ್ತಿತು. ಅತ್ತೆ ಅದು ತಿರುವಿನಾಚೆ ಮರೆಯಾಗುವವರೆಗೆ ನಿಂತಿದ್ದರು. ಆ ತಿಂಗಳೇ ನಾವು ರಾಯಚೂರಿಗೆ ಬಂದೆವು, ನಿಮ್ಮವ್ವ ಕಾಲೇಜು ಸೇರಿದಳು. ನಿಮ್ಮಜ್ಜ ಮೊದಲ ಸಂಬಳದಲ್ಲೇ ಒಂದು ಟೇಬಲ್ ಫ್ಯಾನು ತಂದರು. ಅತ್ತೆ ಅದರ ಎದುರು ಕಾಲು ಚಾಚಿ ಕೂತು, "ಈಗ ನೋಡು, ನಾ ಅರಳೀನಿ" ಎಂದರು.

ನಿಮ್ಮಜ್ಜ ಹೋದ ಮೇಲೆ ಅವರ ಪೆಟ್ಟಿಗೆಯಲ್ಲಿ ಆ ಹಾಜರಿ ಪುಸ್ತಕ ಸಿಕ್ಕಿತು. "ನೀರು ಇಳಿದಿಲ್ಲ" ಎಂದಿದ್ದ ಒಂದೊಂದು ಸಾಲನ್ನೂ ಹೊಡೆದುಹಾಕಿ, ಮೇಲೆ ಕೆಂಪು ಶಾಯಿಯಲ್ಲಿ "ಇಳಿದಿತ್ತು. ಮನೆಯವರು ತುಂಬಿದರು" ಎಂದು ತಿದ್ದಿ, ಪ್ರತಿ ತಿದ್ದುಪಡಿಗೂ ಸಣ್ಣ ಸಹಿ ಹಾಕಿದ್ದರು. ನನಗೆ ಒಂದು ಮಾತೂ ಹೇಳಿರಲಿಲ್ಲ. ಅವರಿಗೂ ನಾಚಿಕೆಯೇ.

ಗುಂಡ್ಯಾ, ಚಿಮಣಿ, ಈ ಹಾಳೆಗಳನ್ನು ಆ ಪುಸ್ತಕದೊಳಗೇ ಮಡಿಸಿ ಟ್ರಂಕಿನಲ್ಲಿಡಿ. ನಿಮ್ಮ ಮೀನಿನ ಪೆಟ್ಟಿಗೆಯ ಮೇಲೆ ಮಾತ್ರ ಇಡಬೇಡಿ. ಈ ಶಾಯಿಗೆ ನೀರು ತಾಗಿದರೆ ತಿರುಗಿ ತುಂಬಲು ನಾನಿರುವುದಿಲ್ಲ.