ಬಸವ್ವಕ್ಕ ಹಾಡಿದ ಆ ಒಂದು ನುಡಿ

ಊರನ್ನೆಲ್ಲ ಅಳಿಸುವ ಬಸವ್ವಕ್ಕನ ಕಣ್ಣಲ್ಲಿ ಒಂದು ಹನಿ ನೀರು ಇರುತ್ತಿರಲಿಲ್ಲ. ಎಡಗೈ ಗಲ್ಲಕ್ಕೆ ಹಚ್ಚಿ, ಬಾಯೊಳಗಿನ ಎಲೆಯಡಿಕೆ ಒಂದು ಮಗ್ಗುಲಿಗೆ ಸರಿಸಿ ಕೊರಳೆತ್ತಿದಳೆಂದರೆ ಹುರಿಮೀಸೆಯ ಗಂಡಸರೂ ತಲೆಗೆ ಸುತ್ತಿದ ಪಟಗದ ಚುಂಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದರು.

ಅಳುವುದು ಯಾರಿಗೆ? ಒಂದು ಕಾಲಕ್ಕೆ ನಮ್ಮೂರನ್ನು ಆಳಿದ ರಾಜನಿಗೆ. ಕುಂಪಣಿ ಸರಕಾರದ ಸಾಹೇಬರು ಅವನನ್ನು ಗಾದಿಯಿಂದ ಇಳಿಸಿ, ಮೇನೆಯಲ್ಲಿ ಕೂಡಿಸಿ ಒಯ್ದರಂತೆ. ಮಂದಿ ಸೀಮೆಯ ತನಕ ಹಿಂದೆ ಓಡಿ, ತಲೆಯ ಮೇಲೆ ಮಣ್ಣು ಸುರಿದುಕೊಂಡರಂತೆ. ನಮ್ಮಜ್ಜಿಯ ಅಜ್ಜಿಯೂ ಅವನನ್ನು ನೋಡಿದವಳಲ್ಲ. ಆದರೂ ವರ್ಷಕ್ಕೊಮ್ಮೆ ಆ ದಿನ ಊರಲ್ಲಿ ಒಲೆ ಹಚ್ಚುವುದಿಲ್ಲ. ತಂಗಳ ರೊಟ್ಟಿ ತಿಂದು, ವಾಡೆಯ ಮುಂದೆ ಕೂತು ಅಳುವುದು. ವಾಡೆಯೆಂದರೆ ಊರ ಧಣಿಗಳ ಮನೆ. ಎಲ್ಲರಿಗಿಂತ ದೊಡ್ಡ ಅಳು ಅವರದೇ.

ಬಸವ್ವಕ್ಕ ಒಂದು ನುಡಿ ಹೇಳಬೇಕು, ಹಿಂದೆ ಕೂತ ನಾವು ನಾಲ್ವರು ಹೆಂಗಸರು ಅದನ್ನು ಎತ್ತಿಕೊಳ್ಳಬೇಕು. ನಾವು ಎತ್ತಿಕೊಳ್ಳದ ನುಡಿ ಹಾಡಿದಂತೆ ಅಲ್ಲ. ಒಂದು ನುಡಿ ಮಾತ್ರ ವಾಡೆಯ ಮುಂದೆ ಯಾರೂ ಹೇಳುತ್ತಿರಲಿಲ್ಲ. ಸಾಹೇಬನಿಗೆ ಕೋಟೆ ಬಾಗಿಲಿನ ಅಗಳಿ ತೆಗೆದುಕೊಟ್ಟವನು ವಾಡೆಯ ಹಿರಿಯನೇ ಎಂಬ ನುಡಿ ಅದು. ಬಸವ್ವಕ್ಕನ ತಾಯಿಯ ಕಾಲಕ್ಕೇ ವಾಡೆಯವರು ಅದನ್ನು ಹಾಡಿನಿಂದ ಬಿಡಿಸಿದ್ದರು. ಬಸವ್ವಕ್ಕ ಅದನ್ನು ಹೊಲದಲ್ಲಿ ಕಳೆ ತೆಗೆಯುತ್ತ ನಮಗೆಲ್ಲ ಕಲಿಸಿದ್ದಳು.

"ಮಂದಿ ಮುಂದ ಒಮ್ಮ್ಯಾರ ಹಾಡಿ ಸಾಯಬೇಕವ್ವಾ," ಎನ್ನುತ್ತಿದ್ದಳು. "ಹೊಲದಾಗ ಹಾಡಿದ್ರ ಕೇಳಾವ್ರು ಯಾರು, ಗುಬ್ಬಿ?"

ಈಗಿನ ಧಣಿ ಹುಬ್ಬಳ್ಳಿ ವಿದ್ಯಾನಗರದಲ್ಲಿ ಬೆಳೆದವ. ಊರ ಅಳು ಸಾಲಲಿಲ್ಲವೆಂದು ಒಂದು ವರ್ಷ ಅಲ್ಲೇ ಒಂದು ಸಭಾಭವನ ಹಿಡಿದ. ಫ್ಲೆಕ್ಸಿನಲ್ಲಿ ರಾಜ ಅಂಗೈಯಷ್ಟು, ಧಣಿ ಆಳೆತ್ತರ. ಒಲೆ ಹಚ್ಚಬಾರದ ದಿನ ಬಂದವರಿಗೆಲ್ಲ ಬಿಸಿ ಉಪ್ಪಿಟ್ಟು, ಶಿರಾ. ತಿಂದು ಕೈ ಒರೆಸಿಕೊಂಡು ಅಳಲು ಕೂತರು.

"ಆಯಿ, ಪೂರಾ ಹಾಡ್ರಿ. ಒಂದು ನುಡೀನೂ ಬಿಡಬ್ಯಾಡ್ರಿ, ವಿಡಿಯೋ ಮಾಡ್ಸಾಕತ್ತೇನಿ," ಎಂದ ಧಣಿ. ಬಿಟ್ಟ ನುಡಿಯ ಸಂಗತಿ ಅವನಿಗೆ ಗೊತ್ತೇ ಇರಲಿಲ್ಲ. ಹೇಳಬೇಕಾದ ಅಪ್ಪ ಸತ್ತಿದ್ದ.

"ಪೂರಾ ಏನ್ರೀ, ಧಣ್ಯಾರ?"

"ಪೂರಾ ಅಂದ್ರ ಪೂರಾ, ಆಯಿ!"

ಬಸವ್ವಕ್ಕ ನಮ್ಮತ್ತ ಹೊರಳಿ, "ಕೇಳಿದ್ರಿಲ್ಲೋ?" ಎಂದಳು.

ಹಾಡಿನಲ್ಲಿ ಮೇನೆ ಸೀಮೆ ದಾಟಿತು. ಭವನದ ತುಂಬ ಕರವಸ್ತ್ರ. ಆಗ ಅವಳು ಎತ್ತಿದಳು:

"ಅಗಳಿ ತಗದಾವ ಯಾರ ತಂಗೆವ್ವಾ,
ನಮ್ಮ ವಾಡೇದ ಧಣಿ ಕೇಳವ್ವಾ."

ಅಳು ಅಲ್ಲಿಗೇ ನಿಂತಿತು. ಧಣಿಯ ಮುಖ ಸುಟ್ಟ ಬದನೆಕಾಯಿ. ಬಸವ್ವಕ್ಕ ನಮಗಾಗಿ ಕಾದಳು. ನನ್ನ ಮಗ ವಾಡೆಯವರ ಹೊಲವನ್ನು ಪಾಲಿಗೆ ಮಾಡುತ್ತಿದ್ದ, ಉಳಿದ ಮೂವರದೂ ಅಂಥದೇ ಹಂಗು. ನಾಲ್ವರೂ ಸೀರೆಯ ನಿರಿಗೆ ನೋಡುತ್ತ ಕೂತೆವು. ಅವಳು ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿ, ನಮ್ಮ ಪಾಲಿನದನ್ನೂ ತಾನೇ ಹಾಡಿದಳು. ಅಷ್ಟರಲ್ಲಿ ಯಾರೋ ಮೈಕು ಬಂದ್ ಮಾಡಿದರು.

ಹೋಗುವಾಗ ಕಾರು ಕಳಿಸಿದ್ದರು, ಬರುವಾಗ ಬಸ್ಸು ಹಿಡಿದೆವು. ದಾರಿಯಲ್ಲಿ ನಾನೇ ಬಾಯಿ ಬಿಟ್ಟೆ. "ಸಿಟ್ಟಾಗಬ್ಯಾಡಕ್ಕಾ. ಹೊಟ್ಟೀಪಾಡು ಐತೆಲ್ಲ."

"ಅಗಳಿ ತಗದಾವನೂ ಹಂಗ ಅಂದಿರ್ತಾನ," ಎಂದು ಕಿಟಕಿಯಾಚೆ ಉಗುಳಿದಳು.

ಮುಂದಿನ ವರ್ಷದ ಅಳುವಿನ ದಿನಕ್ಕೆ ಮೊದಲೇ ಸತ್ತಳು. ಹೆಣದ ಸುತ್ತ ಕೂತ ನಾವು ನಾಲ್ವರೂ ಆ ನುಡಿಯನ್ನು ಓಣಿಗೆಲ್ಲ ಕೇಳುವ ಹಾಗೆ ಎತ್ತಿಕೊಂಡೆವು, ಒಮ್ಮೆಯಲ್ಲ, ಮೂರು ಸಲ. ವಾಡೆಯವರು ಯಾರೂ ಬಂದಿಲ್ಲವೆಂದು ಮೊದಲು ಖಾತ್ರಿ ಮಾಡಿಕೊಂಡಿದ್ದೆವು.