ಯಾರಿಗೂ ಹೇಳಬಾರದ ಸಂಖ್ಯೆ

ಮುಳಬಾಗಿಲಿನ ಸೈಬರ್ ಸೆಂಟರಿನಲ್ಲಿ ನನ್ನ ಸರದಿಗೆ ಕಾಯುತ್ತಿದ್ದೆ. ಬೈರಕೂರಿನ ರೈತನೊಬ್ಬ ಮಗಳನ್ನು ಕೂರಿಸಿಕೊಂಡು ಅವಳ ನರ್ಸಿಂಗ್ ಅರ್ಜಿ ತುಂಬಿಸುತ್ತಿದ್ದ. ಅಂದೇ ಕೊನೆಯ ದಿನ. ಅರ್ಜಿ ಖಾತರಿಪಡಿಸುವ ಒಟಿಪಿ ಸಂಖ್ಯೆ ಮಾತ್ರ ಮನೆಯಲ್ಲೇ ಬಿಟ್ಟುಬಂದಿದ್ದ ಅವನ ಮೊಬೈಲಿಗೆ ಹೋಗಿತ್ತು. ನನ್ನ ಫೋನಿನಿಂದ, ಸ್ಪೀಕರ್ ಹಾಕಿ, ಮನೆಯಲ್ಲಿದ್ದ ಹೆಂಡತಿಗೆ ಕರೆ ಮಾಡಿದ.

ಆ ಸಂದೇಶದ ತಲೆಯಲ್ಲಿ ಉದ್ದನೆಯ ವಂದನೆ, ಬಾಲದಲ್ಲಿ ಸಂಖ್ಯೆ ಮತ್ತು ಒಂದು ಎಚ್ಚರಿಕೆ. ಆಕೆ ಇಂಗ್ಲಿಷ್ ಅಕ್ಷರ ಕೂಡಿಸಿಕೊಂಡು ಮೊದಲಿನಿಂದ ಓದುವಷ್ಟರಲ್ಲಿ ಎರಡು ಸಲ ಸಂಖ್ಯೆಯ ಅವಧಿ ಮುಗಿಯಿತು. ಮೂರನೇ ಸಲ ಕೊನೆಯ ಎಚ್ಚರಿಕೆಯವರೆಗೂ ಓದಿಕೊಂಡಳು, ಸಂಖ್ಯೆ ಮಾತ್ರ ಹೇಳಲಿಲ್ಲ.

“ನಂಬರ್ ಹೇಳೇ!”

“ಯಾರ್ಗೂ ಹೇಳ್ಬೇಡಿ ಅಂತ ಬರ್ದವ್ರೆ.”

“ನಾನು ನಿನ್ ಗಂಡ ಕಣೇ!”

“ಗಂಡಂಗೆ ಹೇಳ್ಬೋದು ಅಂತ ಬರ್ದಿಲ್ವಲ್ಲ.”

ಅವನು ಬಸ್ಸಿಗೆ ಓಡಿದ. ಮಗಳು ಕುರ್ಚಿ ಬಿಡಲಿಲ್ಲ. ಬಾಗಿಲು ಹಾಕುವ ಹೊತ್ತಿಗೆ ಮೊಬೈಲ್ ತಂದ, ಅರ್ಜಿ ಸಲ್ಲಿಕೆಯಾಯಿತು. ನನ್ನ ಸರದಿ ಬರಲಿಲ್ಲ. ಆ ಎಚ್ಚರಿಕೆಯನ್ನು ಪಾಲಿಸಿದ ಇನ್ನೊಬ್ಬರನ್ನು ನಾನಂತೂ ಕಂಡಿಲ್ಲ.